ಕಾವೇರಮ್ಮನ ಕಣ್ಣಿಲ್ಲದ ಕಾವಲು

ಸಾತನೂರಿನ ಕಾವೇರಮ್ಮನ ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಮೂವತ್ತು ವರ್ಷದಿಂದ ರೇಷ್ಮೆ ಬೆಳೆಯುತ್ತಿರುವ ಆಕೆಯ ಪ್ರಕಾರ ಹುಳುವಿಗೆ ರೋಗಕ್ಕಿಂತ ಜನರ ಕಣ್ಣೇ ಕೆಟ್ಟದ್ದು. ಸೊಸೆ ಲತಾಮಣಿಗೂ ಸೊಪ್ಪು ಹಾಕುವುದಷ್ಟೇ ಕೆಲಸ. ಮೇವು ಬಿಟ್ಟು ಹಣ್ಣಾದ ಹುಳು ಯಾವುದೆಂದು ಗುರುತಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರ ತಟ್ಟಿಗೆ ಬಿಡುವ ಅಧಿಕಾರ ಅತ್ತೆಯದು.

ಹೋದ ಬೇಸಿಗೆಯಲ್ಲಿ ಹುಳು ಕೊನೆಯ ಹಂತದಲ್ಲಿದ್ದಾಗಲೇ ಆಕೆಗೆ ಕಣ್ಣಿನ ಪೊರೆಯ ಆಪರೇಷನ್ ಬಂತು. ಆಮೇಲೆ ಧೂಳು ಸೋಕಬಾರದೆಂದು ವಾರವಿಡೀ ರಾಮನಗರದ ತಂಗಿಯ ಮನೆಯಲ್ಲಿರಬೇಕಿತ್ತು.

ಅಷ್ಟು ದಿನ ದೂರದಿಂದಲೇ ಹುಳುಮನೆ ಕಾಯುವುದು ಹೇಗೆಂದು ಕೇಳಿದ್ದಕ್ಕೆ, ಕನಕಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅನೀಸ್ ಕ್ಯಾಮೆರಾ ತೋರಿಸಿದ. "ಅದೂ ಕಣ್ಣೇ ತಾನೆ? ಬ್ಯಾಡ" ಎಂದಳು ಕಾವೇರಮ್ಮ. ಅವನು ವೈಫೈ ಪೆಟ್ಟಿಗೆಯೊಂದನ್ನು ತಂದ.

"ಇದ್ಕೆ ಕಣ್ಣಿಲ್ಲ ಕಣಮ್ಮ. ಕೋಣೆ ತುಂಬ ಅಲೆ ಹರಡ್ತದೆ. ಯಾರಾನ ಅಲ್ಲಾಡುದ್ರೆ ಅಲೆ ಕದಡಿ ನಿಮ್ಮ ಫೋನು ಬಡ್ಕತದೆ."

ಅವನು ಹೊಸ್ತಿಲಾಚೆ ನಿಂತು ಹೇಳಿಕೊಟ್ಟ, ಕಾವೇರಮ್ಮ ತಾನೇ ಅದನ್ನು ಗೋಡೆಗೆ ಸಿಕ್ಕಿಸಿದಳು. ಮನುಷ್ಯರಿಗಿಂತ ಪೆಟ್ಟಿಗೆಯನ್ನು ನಂಬುವುದು ಆಕೆಗೆ ಸುಲಭ, ಪಕ್ಕದ ಮನೆಯವಳಾದ ನನಗೆ ಗೊತ್ತಿಲ್ಲವೇ!

ಆಪರೇಷನ್ನಿನ ಮಾರನೆಯ ಮಧ್ಯಾಹ್ನ ರಾಮನಗರದಲ್ಲಿ ಕಾವೇರಮ್ಮನ ಫೋನು ಬಡಿದುಕೊಂಡಿತು. ಅದು ಸೊಪ್ಪು ಹಾಕುವ ಹೊತ್ತಲ್ಲ.

"ಯಾರಮ್ಮಿ ಒಳಕ್ ಬುಟ್ಕಂಡಿರದು?" ಎಂದು ಕರೆ ಮಾಡಿ ಸೊಸೆಯನ್ನು ಕೇಳಿದಳು.

"ಯಾರೂ ಇಲ್ಲ ಅತ್ತೆ. ಬಾಗ್ಲು ಹಾಕೈತೆ."

ಸಂಜೆಯೊಳಗೆ ಇಪ್ಪತ್ತು ಸಲ ಬಡಿದುಕೊಂಡಿತು. ಕಾವೇರಮ್ಮ ಸೊಸೆಯ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಹುಳುಮನೆಯೊಳಗೆ ಕಲ್ಪಿಸಿಕೊಂಡು ಬೈದಳು. ಲತಾಮಣಿ ಅತ್ತೇಬಿಟ್ಟಳು. ನನಗೆ ಸಂಕಟವಾಗಿ, ನಾನೇ ಅನೀಸನನ್ನು ಕರೆಸಿದೆ.

ಅವನು ಹೊರಗಿನಿಂದ ಕಿಟಕಿ ನೋಡಿ ನಕ್ಕ. ಬಿಸಿಲ ಝಳಕ್ಕೆ ಹುಳು ಬಾಡಬಾರದೆಂದು ಲತಾಮಣಿ ಅಲ್ಲಿ ಒದ್ದೆ ಗೋಣಿತಾಟುಗಳನ್ನು ಇಳಿಬಿಟ್ಟಿದ್ದಳು. ಗಾಳಿಗೆ ಅವು ಓಲಾಡುತ್ತಿದ್ದವು.

"ಮನ್ಸನ ಮೈಯೂ ನೀರೇ, ಒದ್ದೆ ಗೋಣಿನೂ ನೀರೇ. ಪೆಟ್ಗೆಗೆ ಯತ್ವಾಸ ಗೊತ್ತಾಗಕಿಲ್ಲ ಕಣಮ್ಮ" ಎಂದು ಕಾವೇರಮ್ಮನಿಗೆ ಫೋನಿನಲ್ಲಿ ವಿವರಿಸಿದ.

"ಗೋಣಿ ಕಟ್ಟು ಅಂತ ನಾನೇಳಿರ್ನಿಲ್ವಲ್ಲ" ಎಂದಳು ಆಕೆ. ಅಲ್ಲಿಂದ ಮುಂದೆ ತನ್ನ ಫೋನು ಬಡಿದುಕೊಳ್ಳುವುದು ನಿಂತಾಗ ಮಾತ್ರ ಸೊಸೆಗೆ ಕರೆ ಮಾಡುತ್ತಿದ್ದಳು: "ಗೋಣಿ ಒಣಗ್ಬುಡ್ತಾ? ಒಸಿ ನೀರಾಕು."

ಐದನೆಯ ದಿನ ಲತಾಮಣಿ ನನ್ನೆದುರೇ ಸ್ಪೀಕರ್ ಹಾಕಿ ಮಾತಾಡಿದಳು. ಹುಳುವನ್ನು ಚಂದ್ರಿಕೆಗೆ ಬಿಡುವುದು ತಡವಾದರೂ ಬೆಳೆ ಹಾಳು, ಅವಸರಪಟ್ಟರೂ ಹಾಳು.

"ಅತ್ತೆ, ಹುಳ ಹಣ್ಣಾದಂಗೈತೆ. ವಿಡಿಯೋ ತೋರುಸ್ಲಾ?"

"ಬ್ಯಾಡ ಕಣವ್ವ. ನೀನು ನೋಡುದ್ರೆ ನಾನೇ ನೋಡ್ದಂಗೆ. ಚಂದ್ರಿಕೆಗೆ ಬುಡು."