ಲೆನ್ಸಿನ ಮುಚ್ಚಳ

ಇವತ್ತು ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ರೇಂಜ್‌ಫೈಂಡರ್ ಕ್ಯಾಮೆರಾ ಕೊಂಡೆ. ಅದರ ಚರ್ಮದ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂತು. ಸಿಂಧನೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ನಮ್ಮ ಕಾಕಾನ ಕ್ಯಾಮೆರಾಕ್ಕೂ ಇದೇ ವಾಸನೆಯಿತ್ತು.

ನಮ್ಮೂರು ಸಾಲಗುಂದದಲ್ಲಿ ಅಜ್ಜಿ ತೀರಿಕೊಂಡ ದಿನ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿದ್ದರು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಂಡವಳಲ್ಲ. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನನ್ನನ್ನು ಅವಳ ಪಕ್ಕ ಕೂರಿಸಿದರು. ಕಾಕಾ ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದ.

"ಯಾರೂ ಮಿಸುಕಬ್ಯಾಡ್ರಿ, ಬಾಯಿ ತೆರಿಬ್ಯಾಡ್ರಿ."

ಅದೂ ರೇಂಜ್‌ಫೈಂಡರೇ; ಅದರಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ. ಕಿಂಡಿಯಲ್ಲಿ ಅವನಿಗೆ ತನ್ನ ತಾಯಿ ನಿಚ್ಚಳವಾಗಿ ಕಾಣುತ್ತಿದ್ದಳು. ಎದುರಿಗಿದ್ದ ನನಗೆ ಲೆನ್ಸಿನ ಮೇಲೆ ಹಾಗೇ ಉಳಿದಿದ್ದ ಕರಿ ಮುಚ್ಚಳ ಕಾಣುತ್ತಿತ್ತು. ಬಾಯಿ ತೆರೆಯಬಾರದೆಂದು ಉಸಿರು ಬಿಗಿಹಿಡಿದು ಕೂತೆ. ಕ್ಯಾಮೆರಾ ನಾಲ್ಕು ಸಲ ಟಿಕ್ ಎಂದಿತು.

ಅಜ್ಜಿಯನ್ನು ಮಣ್ಣು ಮಾಡಿದ ಮರುದಿನ, ತೊಳೆದ ರೀಲು ಖಾಲಿ ಬಂತು. ಕಾಕಾ ಅಂಗಳದಲ್ಲಿ ಕುಸಿದು ಕೂತ.

"ನಮ್ಮವ್ವನ ಮುಖ ನಾನ ಮುಚ್ಚಿಬಿಟ್ನೆಲ್ಲ ವೈನಿ!"

"ಅಷ್ಟು ಮಂದಿ ಇದ್ವಿ, ಒಬ್ರೂ ನೋಡಲಿಲ್ಲಲ್ಲಪ್ಪ," ಎಂದಳು ನಮ್ಮವ್ವ.

ನಾನು ಆಗಲೂ ಬಾಯಿ ತೆರೆಯಲಿಲ್ಲ. ಕಾಕಾ ಇರುವತನಕ ತೆರೆಯಲಿಲ್ಲ.

ಈಗ ನನ್ನ ಕಪಾಟಿನಲ್ಲಿ ಇಂಥ ಏಳು ಕ್ಯಾಮೆರಾಗಳಿವೆ. ಇವತ್ತಿನದರ ಮುಚ್ಚಳವನ್ನೂ ಅಂಗಡಿಯಲ್ಲೇ ಬಿಟ್ಟು ಬಂದೆ.