ಗುರುತು ಬೀಳದ ಎರಡು ಸಾಲು

ನನ್ನ ಗಂಡ ಶರ್ಶೆನ್ ತಲಾಸಿನಲ್ಲಿ ಬೀನ್ಸ್ ಬೆಳೆಗಾರರ ಸಂಘದ ಲೆಕ್ಕ ಬರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ. ಅವರನ್ನು ಮಣ್ಣಿಗೆ ಒಯ್ಯುವ ದಿನ ನಮ್ಮ ಅಂಗಳದಲ್ಲೇ ಅವರು ಕಳ್ಳರಾದರು. ಅವರು ಕಳ್ಳರಲ್ಲ. ನಾನು ಎಂಟನೇ ತರಗತಿ ಓದಿದವಳು. ಲೆಕ್ಕದ ವಿಷಯ ನನಗೆ ಗೊತ್ತಿರುವುದೆಲ್ಲ ಅವರ ಬಾಯಿಂದ ಕೇಳಿದ್ದು.

ಚಳಿಗಾಲದಲ್ಲಿ ಕಾಲೇಜಿನ ಹುಡುಗಿಯರು ಅವರ ಹತ್ತಿರ ಪಾಠಕ್ಕೆ ಬರುತ್ತಿದ್ದರು. ಬೆಂಕಿ ಇರುತ್ತಿದ್ದುದು ಅಡುಗೆಮನೆಯಲ್ಲಿ ಮಾತ್ರ, ಹಾಗಾಗಿ ಪಾಠವೂ ಅಲ್ಲೇ. ನಾನು ಪಕ್ಕದಲ್ಲಿ ಕಾಳು ಆರಿಸುತ್ತಿದ್ದೆ.

"ನಮ್ಮ ಪುಸ್ತಕದಲ್ಲಿ ಶಿಲ್ಕು ಒಂದು ಲಕ್ಷ ಸೋಮ್. ಬ್ಯಾಂಕಿನ ಹಾಳೇಲಿ ಒಂದು ಲಕ್ಷದ ಹನ್ನೊಂದು ಸಾವಿರದ ಎಂಟುನೂರು. ಯಾರದು ತಪ್ಪು, ಜಿಬೆಕ್?"

"ಬ್ಯಾಂಕಿಂದು, ಮೇಷ್ಟ್ರೇ."

"ಬ್ಯಾಂಕೇನು ನಿನ್ನ ಅತ್ತೆನಾ, ಕೇಳೋ ಮುಂಚೆ ತಪ್ಪು ಹೊರಿಸೋಕೆ?"

ಹುಡುಗಿಯರು ನಕ್ಕರು.

"ಇಬ್ಬರದೂ ತಪ್ಪಲ್ಲ. ಹನ್ನೆರಡು ಸಾವಿರ ಕೊಡಿ ಅಂತ ನಾವು ಚೀಟಿ ಕಳಿಸಿದೀವಿ, ಬ್ಯಾಂಕು ಇನ್ನೂ ಕಳೆದಿಲ್ಲ. ಇನ್ನೂರು ಬ್ಯಾಂಕು ಕಮಿಷನ್ ಹಿಡ್ಕೊಂಡಿದೆ, ನಮಗೆ ಗೊತ್ತಿಲ್ಲ. ಅವರದ್ರಲ್ಲಿ ಹನ್ನೆರಡು ಸಾವಿರ ಕಳಿ. ನಮ್ಮದ್ರಲ್ಲಿ ಇನ್ನೂರು ಕಳಿ."

"ಎರಡೂ ತೊಂಬತ್ತೊಂಬತ್ತು ಸಾವಿರದ ಎಂಟುನೂರು!"

"ಈಗ ನಮ್ಮ ಪುಸ್ತಕದಲ್ಲಿ ಬರೆಯೋದು ಯಾವುದನ್ನ?"

"ಎರಡನ್ನೂ."

"ಇನ್ನೂರು ಮಾತ್ರ ಕಣಮ್ಮ. ಹನ್ನೆರಡು ಸಾವಿರ ನಾವಾಗಲೇ ಬರೆದಾಗಿದೆ, ಅದನ್ನ ಬ್ಯಾಂಕು ಬರ್ಕೊಳ್ಳುತ್ತೆ. ನಮಗೆ ಗೊತ್ತಿಲ್ಲದ್ದು ಬ್ಯಾಂಕಿಗೆ ಗೊತ್ತಿದ್ರೆ, ಅದನ್ನ ಮಾತ್ರ ನಾವು ಬರೀಬೇಕು. ಇನ್ನೊಂದು ಮಾತು. ಕೊನೇ ಶಿಲ್ಕು ಕೂಡ್ತು ಅಂತ ಪುಸ್ತಕ ಮುಚ್ಚಬೇಡಿ. ಸಾಲುಸಾಲಿಗೂ ಗುರುತು ಹಾಕಿ."

ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದರು. ನನಗೆ ಬೇಸರ ಬರುವಷ್ಟು ಸಲ ಹೇಳಿದ್ದಾರೆ.

ಸಂಘದ ಅಧ್ಯಕ್ಷ ಕುತ್ಮಾನ್ ನಮ್ಮ ಬೀಗರು. ನಮ್ಮ ಒಬ್ಬಳೇ ಮಗಳು ಬೆಗಿಮಾಯ್ ಅವರ ಕಿರಿಮಗನ ಹೆಂಡತಿ. ಮದುವೆ ಗೊತ್ತಾದ ದಿನ ಅವರೂ ನನ್ನ ಗಂಡನೂ ಕುರಿಯ ಬಾಲದ ಕೊಬ್ಬು, ಈಲಿ ಒಬ್ಬರ ಬಾಯಿಗೊಬ್ಬರು ಇಟ್ಟಿದ್ದರು. ಅದನ್ನು ತಿಂದ ಮೇಲೆ ಬೀಗರ ಮಾತಿಗೆ ಸಾಕ್ಷಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಆ ನವೆಂಬರಿನಲ್ಲಿ ಕಾಳು ಮಾರಾಟವಾಯಿತು. ಶರ್ಶೆನ್ ಬೆಳೆಗಾರರ ಖಾತೆಗಳಿಗೆ ಹಣ ಕಳಿಸಿ ಪುಸ್ತಕದಲ್ಲಿ ಬರೆದರು. ಸಗಿನ್ ಎಂಬವನಿಗೆ ಮೂರು ಲಕ್ಷದ ಎಂಬತ್ತಾರು ಸಾವಿರ. ಅದಾದ ನಾಲ್ಕನೇ ದಿನ ಹೊಟ್ಟೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆಗೆ ಹೊರಡುವ ಮುಂಚೆ, ಆಳುಗಳ ಸಂಬಳ ನಿಲ್ಲಬಾರದೆಂದು ಎರಡು ಖಾಲಿ ಚೆಕ್ಕಿಗೆ ಸಹಿ ಹಾಕಿ ಬೀಗರ ಕೈಗೆ ಕೊಟ್ಟರು.

ತಿಂಗಳ ಕೊನೆಗೆ ಕುತ್ಮಾನ್ ಆಸ್ಪತ್ರೆಗೆ ನೋಡಲು ಬಂದರು.

"ನವೆಂಬರಿನ ಬ್ಯಾಂಕ್ ಹಾಳೆ ತಾಳೆ ನೋಡಿದ್ರಾ, ಬೀಗರೇ?" ಎಂದರು ನನ್ನ ಗಂಡ.

"ಸೋಮಿಗೆ ಸೋಮು ಕೂಡಿದೆ. ನೀವು ಸುಮ್ನೆ ಸಾರು ಕುಡೀರಿ. ಬ್ಯಾಂಕೇನು ಓಡಿಹೋಗುತ್ತಾ?"

ಹಾಳೆ ತನ್ನಿ, ಸಾಲು ನೋಡುತ್ತೇನೆ ಎಂದು ಬೇರೆ ಯಾರಾಗಿದ್ದರೂ ನನ್ನ ಗಂಡ ಹೇಳುತ್ತಿದ್ದರು. ಬೀಗರಿಗೆ ಹೇಳಲಿಲ್ಲ. ಆವತ್ತು ಚೆನ್ನಾಗಿ ನಿದ್ದೆ ಮಾಡಿದರು. ಡಿಸೆಂಬರ್ ಎಂಟಕ್ಕೆ ತೀರಿಕೊಂಡರು.

ಜನಾಜಾ ನಮಾಜಿಗೆ ಗಂಡಸರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ನಾವು ಹೆಂಗಸರು ಉಣ್ಣೆಯ ಗುಡಾರದೊಳಗೆ. ಉಣ್ಣೆಯ ಗೋಡೆ ಮಾತನ್ನು ತಡೆಯುವುದಿಲ್ಲ. ನನ್ನ ಮೈದುನ ಪದ್ಧತಿಯಂತೆ ಕೇಳಿದ: "ನಮ್ಮಣ್ಣ ಯಾರಿಗಾದ್ರೂ ಕೊಡೋದಿದ್ರೆ ಈಗಲೇ ಹೇಳಿ. ನಾವು ತೀರಿಸ್ತೀವಿ."

ಆಮೇಲೆ ಒಂದು ದನಿ: "ಸಗಿನ್ ನಾನು. ನನ್ನ ಕಾಳಿನ ದುಡ್ಡು ಬಂದಿಲ್ಲ. ಮೂರು ಲಕ್ಷದ ಎಂಬತ್ತಾರು ಸಾವಿರ. ಅಧ್ಯಕ್ಷರನ್ನ ಕೇಳಿದ್ದಕ್ಕೆ ಶರ್ಶೆನ್ ಎದ್ದ ಮೇಲೆ ಕೇಳು ಅಂದ್ರು. ಪುಸ್ತಕದಲ್ಲಿ ಕೊಟ್ಟಿದೆ ಅಂತ ಬರೆದಿದೆಯಂತೆ."

ಒಳಗೆ ಅಳು ನಿಂತಿತು. ನನ್ನ ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು. ಹೊರಗೆ ನನ್ನ ಬೀಗರ ದನಿ ಕೇಳಿತು. "ಸತ್ತವರ ಮೇಲೆ ಏನು ಹೇಳೋದು. ಮನೆಯವರು ಕೊಡ್ತಾರೆ, ಬಿಡು." ಅಷ್ಟೇ ಹೇಳಿದರು.

ನಾನು ಕೊಟ್ಟೆ. ಹೆಣ್ಣು ಕುದುರೆ, ಎರಡು ಹಸು, ಹದಿನೆಂಟು ಕುರಿ ಹೋದವು. ಗಂಡನ ಪಟ್ಟಿಯಲ್ಲಿದ್ದ ಹೆಸರು, ಸಂಖ್ಯೆ ನೋಡಿಕೊಂಡೇ ಸಗಿನ್ ಖಾತೆಗೆ ಬ್ಯಾಂಕಿನಲ್ಲಿ ಕಟ್ಟಿದೆ. ವಾರ ಕಳೆದು ಬ್ಯಾಂಕಿನವರು ಕರೆಸಿದರು.

"ಹಣ ವಾಪಸ್ ಬಂದಿದೆ, ಅಕ್ಕ. ಹೆಸರು ತಾಳೆ ಆಗ್ತಿಲ್ಲ. ನೀವು ಬೈತಿಕೊವ್ ಸಗಿನ್ ಅಂತ ಬರೆದಿದೀರಿ. ಖಾತೇಲಿ ಸಗಿನ್ ಬೈತಿಕ್ ಉಲು ಅಂತಿದೆ."

ಎರಡಕ್ಕೂ ಅರ್ಥ ಬೈತಿಕನ ಮಗ ಸಗಿನ್ ಎಂದೇ. ಹಳೆಯದು ರಷ್ಯದವರ ಆಳ್ವಿಕೆಯ ಕಾಲದ ರೀತಿ, ಹೊಸದು ನಮ್ಮ ರೀತಿ. ಅವನು ಬೇಸಿಗೆಯಲ್ಲಿ ಹೊಸ ಪಾಸ್‌ಪೋರ್ಟು ಮಾಡಿಸಿದ್ದ, ಖಾತೆಯ ಹೆಸರನ್ನೂ ಬದಲಾಯಿಸಿದ್ದ, ಸಂಘಕ್ಕೆ ಹೇಳಿರಲಿಲ್ಲ. ಊರಿಗೆ ಒಬ್ಬ ಸಗಿನ್. ಬ್ಯಾಂಕಿಗೆ ಇಬ್ಬರು.

ನಾನು ಅಲ್ಲೇ ನಿಂತೆ. ನಾನು ಕಟ್ಟಿದ್ದು ವಾಪಸ್ ಬಂದರೆ, ನನ್ನ ಗಂಡ ಕಳಿಸಿದ್ದೂ ವಾಪಸ್ ಬಂದಿರಬೇಕು.

ಹಣವನ್ನು ಸಗಿನ್ ಕೈಗೇ ಕೊಟ್ಟು ಬಂದೆ. ಆಮೇಲೆ ಜಿಬೆಕ್ ಹತ್ತಿರ ಹೋದೆ. ಗಂಡನ ಕುರ್ಚಿಯಲ್ಲಿ ಈಗ ಅವಳೇ ಕೂರುತ್ತಾಳೆ.

"ನವೆಂಬರಿನ ಹಾಳೆ ಕೊಡು."

"ನವೆಂಬರ್ ಕೂಡಿದೆ ಅಂದ್ರು ಅಧ್ಯಕ್ಷರು. ನಾನು ಜನವರಿಯಿಂದ ನೋಡ್ತಿದೀನಿ, ಅಮ್ಮ."

"ನಿನ್ನ ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ರಾ?"

ಅವಳ ಮುಖ ಕೆಂಪಾಯಿತು. ಪುಸ್ತಕ, ಹಾಳೆ ಎರಡನ್ನೂ ತಂದಳು. ಅವಳು ಓದಿದಳು, ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇದರಲ್ಲಿದೆ, ಅದರಲ್ಲಿದೆ, ಗುರುತು. ಕೊನೆಗೆ ಬ್ಯಾಂಕಿನ ಹಾಳೆಯಲ್ಲಿ ಎರಡು ಸಾಲು ಉಳಿದವು. ನವೆಂಬರ್ ಇಪ್ಪತ್ತನಾಲ್ಕು, ಮರಳಿ ಬಂದದ್ದು ಮೂರು ಲಕ್ಷದ ಎಂಬತ್ತಾರು ಸಾವಿರ. ನವೆಂಬರ್ ಇಪ್ಪತ್ತೇಳು, ಚೆಕ್ಕಿನಿಂದ ತೆಗೆದದ್ದು ಮೂರು ಲಕ್ಷದ ಎಂಬತ್ತಾರು ಸಾವಿರ. ಪುಸ್ತಕದಲ್ಲಿ ಎರಡೂ ಇಲ್ಲ. ಒಂದು ಬಂತು, ಒಂದು ಹೋಯಿತು. ಶಿಲ್ಕು ಕೂಡಿತು. ಬೀಗರು ಆಸ್ಪತ್ರೆಯಲ್ಲಿ ಸುಳ್ಳು ಹೇಳಿರಲಿಲ್ಲ. ಅದೇ ನನಗೆ ಇವತ್ತಿಗೂ ಉರಿಯುತ್ತದೆ.

ಚೆಕ್ಕಿನಲ್ಲಿದ್ದ ಸಹಿ ಎರಡು. ಕುತ್ಮಾನರದು, ನನ್ನ ಗಂಡನದು. ಇಪ್ಪತ್ತೇಳರಂದು ನನ್ನ ಗಂಡನಿಗೆ ನಾನು ಚಮಚದಲ್ಲಿ ನೀರು ಕುಡಿಸುತ್ತಿದ್ದೆ.

ಬೀಗರ ಕೋಣೆಗೆ ಹೋದೆ. ಟೀ ಸುರಿದರು. ನಾನು ಮುಟ್ಟಲಿಲ್ಲ. ಹಾಳೆ ಮುಂದಿಟ್ಟೆ.

"ವಸಂತಕ್ಕೆ ವಾಪಸ್ ಹಾಕೋನಿದ್ದೆ, ಬೀಗಿತ್ತಿ."

"ಅಂಗಳದಲ್ಲಿ ಕೇಳಿದಾಗ ಬಾಯಿ ಎಲ್ಲಿತ್ತು?"

"ಅಷ್ಟು ಜನರ ಮುಂದೆ ಹೇಗೆ ಹೇಳೋದು?"

"ಅಷ್ಟು ಜನರ ಮುಂದೆ ಅವರು ಕಳ್ಳ ಆಗಬಹುದು, ನೀವು ಆಗಬಾರದು."

"ಮೆಲ್ಲಗೆ ಮಾತಾಡಿ. ಆ ದುಡ್ಡು ನಾನು ತಿಂದಿಲ್ಲ. ಮಕ್ಕಳ ಮನೆ ಮಾಡಿಗೆ ಹೋಯ್ತು. ನಿಮ್ಮ ಮಗಳು ಮಲಗೋದೂ ಅದೇ ಮಾಡಿನ ಕೆಳಗೆ. ಅವಳಿಗೂ ಗೊತ್ತು."

ಮಗಳ ಮನೆಗೆ ನಡೆದು ಹೋದೆ. ಮಾಡಿಗೆ ಹೊಸ ತಗಡು, ನೀಲಿ ಬಣ್ಣ. ಅವಳು ಹಿಟ್ಟು ನಾದುತ್ತಿದ್ದಳು.

"ಯಾವಾಗ ಗೊತ್ತಾಯ್ತು ನಿನಗೆ?"

ಏನು ಎಂದು ಅವಳು ಕೇಳಲಿಲ್ಲ. "ಅಪ್ಪ ಹೋದ ಮೂರನೇ ದಿನ."

"ನಾನು ಕುದುರೆ ಮಾರುವಾಗ ಹಗ್ಗ ಹಿಡ್ಕೊಂಡು ನಿಂತಿದ್ದವಳು ನೀನು."

"ಅಪ್ಪ ಹೋಗಾಗಿತ್ತಮ್ಮ. ನಾನು ಈ ಮನೇಲಿ ಬಾಳಬೇಕು. ಸಭೇಲಿ ಗಿಭೇಲಿ ಎತ್ತಬೇಡ, ಕಾಲಿಗೆ ಬೀಳ್ತೀನಿ."

"ನಿಮ್ಮಪ್ಪನ ಹೆಸರು?"

"ಹೆಸರು ಊಟ ಹಾಕಲ್ಲ."

ಸಂಘದ ಮಾರ್ಚ್ ಸಭೆಯಲ್ಲಿ ಎತ್ತಿದೆ. ನನಗೆ ಭಾಷಣ ಬರುವುದಿಲ್ಲ. ಎರಡು ಸಾಲು, ಎರಡು ತಾರೀಖು ಓದಿದೆ. ಆ ದಿನ ಶರ್ಶೆನ್ ಎಲ್ಲಿದ್ದರು ಎಂದು ಆಸ್ಪತ್ರೆಯ ಚೀಟಿ ತೋರಿಸಿದೆ. ಬ್ಯಾಂಕಿನ ಕಾಗದವನ್ನು ಜಿಬೆಕ್ ಎತ್ತಿ ಹಿಡಿದಳು. ಒಬ್ಬ ಮುದುಕ ಕುತ್ಮಾನರ ಕಡೆ ತಿರುಗಿ, "ಬೀಗನ ಹೆಣದ ಮುಂದೆ ನಿಂತು ಜೇಬು ಮುಟ್ಟಿ ನೋಡ್ಕೊಂಡ್ಯಾ?" ಎಂದ. ಕುತ್ಮಾನ್ ಕುರ್ಚಿ ಬಿಟ್ಟರು. ತಿಂಗಳೊಳಗೆ ಹಣ ಕಟ್ಟಿದರು, ಸಂಘ ಅದನ್ನು ನನಗೆ ಕೊಟ್ಟಿತು. ಹಸುಗಳು ಸಿಗಲಿಲ್ಲ, ಕಡಿದಾಗಿತ್ತು.

ಜಿಬೆಕ್ ಪುಸ್ತಕ ತಿದ್ದಿದಳು. ಮರಳಿ ಬಂದದ್ದನ್ನು ಜಮಾಕ್ಕೆ ಹಾಕಿದಳು. ತೆಗೆದದ್ದನ್ನು ಕುತ್ಮಾನ್ ಕೊಡಬೇಕಾದದ್ದು ಎಂದು ಬರೆದಳು.

ಸಗಿನ್ ಮನೆಗೆ ಬಂದು ಬಾಗಿಲಲ್ಲೇ ನಿಂತ. "ನಾನು ಆವತ್ತು ಕೇಳಬಾರದಿತ್ತು, ಅಕ್ಕ."

"ನಿನ್ನದು ನೀನು ಕೇಳಿದೆ. ಒಳಗೆ ಬಾ."

ಗಂಡನ ವರ್ಷದ ಊಟಕ್ಕೆ ಊರೆಲ್ಲ ಬಂತು. ಮಗಳನ್ನೂ ಕರೆದಿದ್ದೆ. ಮಾವನನ್ನು ಕರೆದರೆ ಬರುತ್ತೇನೆ ಎಂದಳು. ಕರೆಯುವುದಿಲ್ಲ ಎಂದೆ. ಅವಳು ಬರಲಿಲ್ಲ.