ಸ್ಟೇನ್ವೋರ್ ತುಂಬಿದ ಎಣ್ಣೆ

ಗ್ಯಾರೇಜಿನ ಸ್ಟೇನ್ವೋರ್ ಗಾಡಿಯ ಎಣ್ಣೆಗಳನ್ನು ಮೂಸಿ ಗುರುತಿಸುತ್ತಿದ್ದಳು. ಡಬ್ಬಿಯ ಮೇಲಿನ ಚೀಟಿ ಓದುವ ಅಭ್ಯಾಸ ಅವಳಿಗಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಅಪ್ಪ ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಮೂಗಿನ ಕೆಳಗೆ ಒಂದೊಂದೇ ಬಟ್ಟಲು ಹಿಡಿದು ಕೇಳುತ್ತಿದ್ದ, "ಇದ್ಯಾವುದು ಹೇಳು?" ದಪ್ಪ ಗೇರ್ ಎಣ್ಣೆಗೆ ಕೊಳೆತ ಮೊಟ್ಟೆಯ ನಾತ. ಆಟೋಮ್ಯಾಟಿಕ್ ಗೇರಿಗೆ ಹಾಕುವ ತೆಳ್ಳನೆಯ ಕೆಂಪು ಎಣ್ಣೆಗೆ ಅಂಥ ನಾತವಿಲ್ಲ, ಮೇಣದ ಬತ್ತಿ ಆರಿಸಿದಾಗ ಬರುವಂಥ ಮೆಲ್ಲನೆಯ ವಾಸನೆ. ತಪ್ಪು ಹೇಳಿದರೆ ಅಪ್ಪ ಎಣ್ಣೆ ಬೆರಳಿನಿಂದಲೇ ಅವಳ ಮೂಗಿನ ತುದಿಗೆ ಬೊಟ್ಟಿಡುತ್ತಿದ್ದ.

ಐಸ್‌ಲ್ಯಾಂಡಿನ ಉತ್ತರದಲ್ಲಿ, ಕಡಲು ತೋಳು ಚಾಚಿದ ಹಾಗೆ ಗುಡ್ಡಗಳ ನಡುವೆ ಒಳನುಗ್ಗಿದ ಜಾಗದಲ್ಲಿ ಅವಳ ಊರು. ಮುನ್ನೂರು ಜನ. ಮೀನಿನ ಕೊಟ್ಟಿಗೆಯ ಪಕ್ಕಕ್ಕೆ ಅಪ್ಪ ಬಿಟ್ಟುಹೋದ ಗ್ಯಾರೇಜು. ಕುರಿ ಸಾಕುವ ಬೆರ್ಗುರ್‌ನನ್ನು ಮದುವೆಯಾದ ಮೇಲೂ ಅವಳು ಗ್ಯಾರೇಜು ಬಿಡಲಿಲ್ಲ. ಬೆಟ್ಟದ ಮೇಲಿನ ದಾರಿಗಳಲ್ಲಿ ಸೇತುವೆ ಎನ್ನುವುದೇ ಇಲ್ಲ. ಹೊಳೆ ಬಂದರೆ ಗಾಡಿಯನ್ನು ಹೊಳೆಗೇ ಇಳಿಸಬೇಕು. ಹಾಗೆ ಇಳಿಯುವ ಗಾಡಿಗಳೆಲ್ಲ ಅವಳ ಕೈ ದಾಟಿಯೇ ಹೋಗುತ್ತಿದ್ದವು.

ಅರವತ್ತು ತುಂಬಿದ ವರ್ಷ, ಜನವರಿಯಲ್ಲಿ, ಒಂದು ವಾರ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು. ಹೊಗೆಯಲ್ಲಿ ಒಣಗಿಸಿದ ಕುರಿಮಾಂಸ ರಬ್ಬರಾಯಿತು. ತಿಂಗಳು ಕಳೆದರೆ ಸರಿಯಾದೀತು ಎಂದು ಕಾದಳು. ಎರಡು ವರ್ಷ ಕಳೆಯಿತು. ಯಾರಿಗೂ ಹೇಳಲಿಲ್ಲ, ಗಂಡನಿಗೂ. ಹೇಳಿದರೆ ಊರ ಗಾಡಿಗಳು ಅಕುರೇರಿ ಪೇಟೆಯ ದೊಡ್ಡ ಗ್ಯಾರೇಜಿಗೆ ಹೋಗುತ್ತವೆಂಬ ದಿಗಿಲು ಒಂದು. ಇನ್ನೊಂದು ಏವಿಂದುರ್.

ಏವಿಂದುರ್ ಅವಳ ಜೊತೆ ಶಾಲೆಗೆ ಹೋದವನು. ಊರಿನ ರಕ್ಷಣಾ ತಂಡದ ಮುಂದಾಳು, ತಂಡದ ಜೀಪಿನ ಚಾಲಕ. ನಾಲಿಗೆ ಮಾತ್ರ ಕತ್ತರಿ. "ಸ್ಟೇನ್ವೋರ್, ನೀನು ಗಾಡಿ ಕೆಳಗೆ ಮಲಗೋವಾಗ ಕಾಲಿಗೆ ಹಗ್ಗ ಕಟ್ಕೋ ಮಾರಾಯ್ತಿ. ನಿದ್ದೆ ಬಂದ್ರೆ ಎಳೆದು ಹಾಕ್ತೀವಿ" ಎನ್ನುತ್ತಿದ್ದ. ಅವಳೂ ಬಿಡುತ್ತಿರಲಿಲ್ಲ: "ನಿನ್ನ ಮಾತಿಗೊಂದು ಬ್ರೇಕ್ ಹಾಕಿ ಕೊಡ್ತೀನಿ, ಮೊದಲು ಬಾ." ನಗೆಯ ಒಳಗೆ, ಮೂಗಿನ ವಿಷಯ ತಿಳಿದರೆ ಇವನು ಊರೆಲ್ಲ ನಗಿಸುತ್ತಾನೆ ಎಂಬ ಮುಳ್ಳು ಅವಳನ್ನು ಚುಚ್ಚುತ್ತಿತ್ತು.

ಅದು ಸೆಪ್ಟೆಂಬರ್. ಬೇಸಿಗೆಯಿಡೀ ಬೆಟ್ಟದ ಮೇಲೆ ಮೇಯ್ದ ಕುರಿಗಳನ್ನು ಕೆಳಗೆ ಹೊಡೆದುಕೊಂಡು ಬರುವ ವಾರ. ಬೆರ್ಗುರ್ ಮತ್ತು ನಾಲ್ವರು ಕುದುರೆ ಹತ್ತಿ ಮೇಲೆ ಹೋಗಿ ಮೂರು ದಿನವಾಗಿತ್ತು. ಗುರುವಾರ ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು. ಬೆರ್ಗುರ್‌ನ ಕುದುರೆ ಜಾರಿ ಅವನ ಮೇಲೆಯೇ ಬಿದ್ದಿದೆ, ತೊಡೆಯ ಮೂಳೆ ಮುರಿದಿದೆ, ಕಾಲು ಊದಿ ಕಪ್ಪಾಗುತ್ತಿದೆ, ಕುರಿಗಾಹಿಗಳ ಗುಡಿಸಲಿನಲ್ಲಿ ಮಲಗಿಸಿದ್ದೇವೆ. ಮೋಡ ನೆಲಕ್ಕೆ ತಾಗಿತ್ತು, ಹೆಲಿಕಾಪ್ಟರ್ ಏಳುವಂತಿರಲಿಲ್ಲ. ಮಳೆ ಹಿಮಕ್ಕೆ ತಿರುಗುತ್ತಿತ್ತು.

ರಕ್ಷಣಾ ತಂಡದ ಜೀಪು ಅವಳ ಗ್ಯಾರೇಜಿನಲ್ಲೇ ನಿಂತಿತ್ತು. ಹಿಂದಿನ ದಿನವಷ್ಟೇ ಎಣ್ಣೆ ಬದಲಿಸಿ ಮುಗಿಸಿದ್ದಳು. ಹತ್ತು ಗಂಟೆಗೆ ಏವಿಂದುರ್, ನರ್ಸ್ ಹೆರ್ದಿಸ್‌ಳ ಜೊತೆ ಓಡುತ್ತಾ ಬಂದ.

"ಎಲ್ಲಾ ಸರಿ ಇದೆ ತಾನೆ?"

"ಎಂಜಿನ್, ಗೇರು, ಟ್ರಾನ್ಸ್‌ಫರ್, ಎಲ್ಲಾ ಹೊಸ ಎಣ್ಣೆ. ನಿಂತು ಮಾತಾಡ್ಬೇಡ, ಹೋಗು!"

ಸೊಂಟದೆತ್ತರದ ಚಕ್ರಗಳು ಕೆಸರು ಹಾರಿಸುತ್ತಾ ಹೋದವು. ಸ್ಟೇನ್ವೋರ್‌ಗೆ ಕೂರಲಾಗಲಿಲ್ಲ. ಪೊರಕೆ ಹಿಡಿದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಕಪಾಟಿನ ಮೂಲೆಗೆ ಬಂದಾಗ ಕೆಂಪು ಎಣ್ಣೆಯ ಡಬ್ಬಿಗಳು ಕಂಡವು. ಟ್ರಾನ್ಸ್‌ಫರ್‌ಗೆಂದೇ ಹೋದ ವಾರ ತರಿಸಿದ್ದು. ಒಂದರ ಮುಚ್ಚಳದ ಸೀಲೂ ಒಡೆದಿರಲಿಲ್ಲ.

ಪೊರಕೆ ಕೈಯಲ್ಲೇ ಉಳಿಯಿತು. ಅವಳು ಮೆಲ್ಲಗೆ ತಿರುಗಿ ಕೈಪಂಪು ನೋಡಿದಳು. ಪಂಪಿನ ಕೊಳವೆ ದಪ್ಪ ಗೇರ್ ಎಣ್ಣೆಯ ಡಬ್ಬಿಯೊಳಗೆ ನಿಂತಿತ್ತು.

ಆ ಜೀಪಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್. ಇಪ್ಪತ್ತು ವರ್ಷ ಅದರಲ್ಲಿದ್ದದ್ದು ಬರೀ ಹಲ್ಲುಚಕ್ರಗಳ ಹಳೇ ಪೆಟ್ಟಿಗೆ, ಅದಕ್ಕೆ ದಪ್ಪ ಎಣ್ಣೆಯೇ ಸರಿ. ಹೋದ ವಸಂತದಲ್ಲಿ ಅದನ್ನು ತೆಗೆದು ಬೇರೆಯದನ್ನು ಕೂರಿಸಿದವಳು ಅವಳೇ. ಹೊಸದರೊಳಗೆ ಸರಪಳಿ, ಎಣ್ಣೆಯನ್ನು ಮೇಲಕ್ಕೆ ಹೀರಿ ಬೇರಿಂಗುಗಳಿಗೆ ಕೊಡಲು ಒಂದು ಪುಟ್ಟ ಪಂಪು. ಅದಕ್ಕೆ ತೆಳ್ಳನೆಯ ಕೆಂಪೇ ಬೇಕು. ದಪ್ಪ ಎಣ್ಣೆ ಚಳಿಗೆ ಜೇನಿನಂತೆ ಗಟ್ಟಿಯಾಗಿ ಪಂಪಿಗೆ ಏರುವುದಿಲ್ಲ. ಮೇಲಿನ ಬೇರಿಂಗು ಒಣಗಿ, ಕಾದು, ಕೊನೆಗೆ ಕಚ್ಚಿಕೊಂಡುಬಿಡುತ್ತದೆ. ಕಚ್ಚಿಕೊಂಡರೆ ಚಕ್ರ ತಿರುಗುವುದಿಲ್ಲ. ಗಾಡಿಯ ಕೆಳಗೆ ಮಂಕು ದೀಪದಲ್ಲಿ ಮಲಗಿ, ಇಪ್ಪತ್ತು ವರ್ಷದ ಅಭ್ಯಾಸ ಹೇಳಿದ ಡಬ್ಬಿಗೆ ಅವಳ ಕೈ ಹೋಗಿತ್ತು. ತುಂಬಿ ತುಳುಕಿದ ಎಣ್ಣೆ ಕಪ್ಪು ಕೈಗವಸಿನ ಮೇಲೆ ಹರಿದಿತ್ತು. ಮೂಗಿದ್ದಿದ್ದರೆ ಮೊದಲ ಹನಿಗೇ ಗೊತ್ತಾಗುತ್ತಿತ್ತು.

ಗೋಡೆಯ ರೇಡಿಯೋ ಮೂರು ಹೆಜ್ಜೆ ದೂರದಲ್ಲಿತ್ತು. ಅವಳು ಅದರ ಹತ್ತಿರ ಹೋಗಲಿಲ್ಲ. ಟೈರಿನ ಮೇಲೆ ಕುಳಿತಳು. ಏನೂ ಆಗದೆ ಇರಬಹುದಲ್ಲ ಎಂದು ಮನಸ್ಸು ಪಿಸುಗುಟ್ಟಿತು. ತಪ್ಪು ಎಣ್ಣೆಯಲ್ಲೇ ತಿಂಗಳುಗಟ್ಟಲೆ ಓಡಿದ ಗಾಡಿಗಳಿಲ್ಲವೆ? ಹೋಗಿ ಬರಲಿ, ನಾಳೆ ಸದ್ದಿಲ್ಲದೆ ಬದಲಿಸಿದರಾಯಿತು. ಹೀಗೆ ಐದು ನಿಮಿಷವೋ ಹತ್ತೋ ಕುಳಿತೇ ಇದ್ದಳು. ಗುಡಿಸಲಿನ ದಾರಿಗೆ ಅಡ್ಡವಾಗಿ ಹರಿಯುವ ಸ್ಕೋಲ್ಲಾ ಹೊಳೆ ಕಣ್ಣ ಮುಂದೆ ಬಂತು. ಅವಳು ಹುಡುಗಿಯಾಗಿದ್ದಾಗ ಆ ಹೊಳೆಯ ನಡುವೆ ನಿಂತುಹೋದ ಗಾಡಿಯೊಂದನ್ನು ನೀರು ಮಗುಚಿ ಹಾಕಿತ್ತು. ಇಬ್ಬರನ್ನು ಎರಡು ಮೈಲಿ ಕೆಳಗೆ ಹುಡುಕಿ ತಂದಿದ್ದರು. ಅವರನ್ನು ಈ ಗ್ಯಾರೇಜಿನ ನೆಲದ ಮೇಲೆಯೇ ಮಲಗಿಸಿದ್ದರು.

ಎದ್ದು ರೇಡಿಯೋ ಎತ್ತಿಕೊಂಡಳು.

"ಏವಿಂದುರ್, ಹೊಳೆ ದಾಟಿದ್ಯಾ?"

"ಇನ್ನೂ ಇಪ್ಪತ್ತು ನಿಮಿಷ. ಯಾಕೆ?"

"ದಾಟಬೇಡ. ದಂಡೆ ಮೇಲೇ ನಿಲ್ಸು. ಅಲ್ಲಿವರೆಗೂ ನಿಧಾನಕ್ಕೆ ಹೋಗು. ಟ್ರಾನ್ಸ್‌ಫರ್‌ಗೆ ತಪ್ಪು ಎಣ್ಣೆ ಹಾಕಿದೀನಿ."

"ಏನೇ ಹೇಳ್ತಿದೀಯ ನೀನು? ಮೇಲೆ ಮಲಗಿರೋದು ನಿನ್ನ ಗಂಡ ಕಣೇ!"

"ನನ್ನ ಗಂಡ ಅಂತ ನೀನು ನಂಗೆ ಹೇಳ್ಕೊಡಬೇಕಾ? ಬರ್ತಾ ಇದೀನಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ರೇಡಿಯೋ ಕೇಂದ್ರದಲ್ಲಿ ಕೂತಿದ್ದ ಗ್ರೋವಾ, ಊರಿನ ಶಾಲೆಯ ಟೀಚರು, ಎಲ್ಲ ಕೇಳಿಸಿಕೊಂಡಳು. ಅಂದರೆ ಊರಿಗೇ ಗೊತ್ತಾದ ಹಾಗೆ. ಸ್ಟೇನ್ವೋರ್‌ಗೆ ಆಗ ಅದು ಯಾವುದೂ ನೆನಪಿಗೆ ಬರಲಿಲ್ಲ.

ಅವಳ ಸ್ವಂತ ಜೀಪು ಚಿಕ್ಕದು. ಹೊಳೆಯವರೆಗೆ ಹೋದೀತು, ದಾಟಲಾರದು. ನಾಲ್ಕು ಡಬ್ಬಿ ಕೆಂಪು ಎಣ್ಣೆಯನ್ನು ಹೀಟರಿನ ಬಿಸಿಗಾಳಿ ಬರುವಲ್ಲಿ ಕಾಲ ಬಳಿ ಇಟ್ಟುಕೊಂಡಳು. ತಣ್ಣಗಿದ್ದರೆ ಅದೂ ಬೇಗ ಇಳಿಯದು. ಊರು ದಾಟಿದ ಮೇಲೆ ಹಿಮ ಗಾಜಿಗೆ ಹಿಟ್ಟಿನಂತೆ ಬಡಿಯತೊಡಗಿತು. ದಾರಿಯ ಗುರುತಿಗೆ ನೆಟ್ಟ ಹಳದಿ ಕಂಬಗಳು ಒಂದು ಕಂಡರೆ ಇನ್ನೊಂದು ಕಾಣದು. ರೇಡಿಯೋ ಗೊರಗುಟ್ಟಿದಾಗಲೆಲ್ಲ ವೇಗ ತಗ್ಗಿಸಿ ಕಿವಿಗೊಡುತ್ತಿದ್ದಳು. ಬೆರ್ಗುರ್ ಹೋದ ಎಂದು ಹೇಳುತ್ತಾರೋ, ಏವಿಂದುರ್ ಕಾಯಲಾರದೆ ನೀರಿಗಿಳಿದ ಎಂದು ಹೇಳುತ್ತಾರೋ.

ಅವನು ಇಳಿದಿರಲಿಲ್ಲ. ದಂಡೆಯ ಮೇಲೆ ಜೀಪು ನಿಂತಿತ್ತು. ಹೊಳೆ ಬೂದಿಬಣ್ಣಕ್ಕೆ ತಿರುಗಿ, ಕಲ್ಲುಗಳನ್ನು ತಳದಲ್ಲಿ ಉರುಳಿಸುತ್ತಾ, ಗುಡುಗಿನಂತೆ ಹರಿಯುತ್ತಿತ್ತು.

"ಪೆಟ್ಟಿಗೆ ಮುಟ್ಟಿದ್ಯಾ?" ಎಂದಳು ಇಳಿಯುತ್ತಲೇ.

"ಕೈ ಇಡೋಕಾಗಲ್ಲ. ಕಾದಿದೆ."

ಸ್ಟೇನ್ವೋರ್ ಕುರಿಯ ತೊಗಲು ಹಾಸಿ ಗಾಡಿಯ ಕೆಳಗೆ ನುಗ್ಗಿದಳು. ಮೊದಲು ತುಂಬುವ ಬಾಯಿಯ ತಿರುಪು ತೆಗೆದಳು. ಅದು ಬಿಚ್ಚುತ್ತದೆಂದು ಗೊತ್ತಾಗದೆ ಎಣ್ಣೆ ಬಸಿಯುವ ಕೆಳಗಿನದನ್ನು ಬಿಚ್ಚಬಾರದು, ಬಿಚ್ಚಿದರೆ ಮತ್ತೆ ತುಂಬಲು ದಾರಿಯಿರದು. ಆಮೇಲೆ ಕೆಳಗಿನದು. ದಪ್ಪ ಎಣ್ಣೆ ಹಗ್ಗದಂತೆ ಇಳಿಯಿತು.

"ಥೂ, ಕೊಳೆತ ಮೊಟ್ಟೆ ನಾತ!" ಏವಿಂದುರ್ ಮೂಗು ಮುಚ್ಚಿಕೊಂಡ. "ಇದನ್ನ ತುಂಬೋವಾಗ ನಿಂಗೆ ಗೊತ್ತಾಗ್ಲಿಲ್ವೇನೇ? ನೀನು ನಾಯಿ ಹಾಗೆ ಮೂಸೋಳು!"

"ನಂಗೆ ಎರಡು ವರ್ಷದಿಂದ ವಾಸನೆ ಬರಲ್ಲ" ಎಂದಳು ಗಾಡಿಯ ಕೆಳಗಿನಿಂದ.

ಹೆರ್ದಿಸ್ ಬಗ್ಗಿ ಟಾರ್ಚು ಹಿಡಿದಳು. ಸವೆದ ಲೋಹ ಹಿಡಿಯಲೆಂದು ತಿರುಪಿನ ತುದಿಯಲ್ಲಿರುವ ಅಯಸ್ಕಾಂತವನ್ನು ಸ್ಟೇನ್ವೋರ್ ಬೆಳಕಿಗೆ ತಂದಳು. ಕಬ್ಬಿಣದ ಚೂರುಗಳಿರಲಿಲ್ಲ, ಕಾಡಿಗೆಯಂಥ ನುಣುಪು ಪುಡಿ ಅಂಟಿತ್ತು. ಹೊಸ ಪೆಟ್ಟಿಗೆಗೆ ಅದು ಹೆಚ್ಚೇ. ಒಂದು ಡಬ್ಬಿ ಕೆಂಪು ಹಾಕಿ, ಏವಿಂದುರ್‌ಗೆ ಗಾಡಿಯನ್ನು ಹಿಂದೆ ಮುಂದೆ ಓಡಿಸಲು ಹೇಳಿ, ಅದನ್ನೂ ಬಸಿದಳು. ಒಳಗಂಟಿದ ದಪ್ಪ ಎಣ್ಣೆ ತೊಳೆದುಹೋಗಬೇಕಿತ್ತು. ಮತ್ತೆ ತುಂಬಿದಳು. ಬೆರಳುಗಳು ಮರಗಟ್ಟಿ, ತಿರುಪು ಎರಡು ಸಲ ಹಿಮದೊಳಗೆ ಬಿತ್ತು.

"ದಾಟಬಹುದಾ?" ಏವಿಂದುರ್ ಕೇಳಿದ. ಕತ್ತರಿ ನಾಲಿಗೆಯಲ್ಲಿ ಆಗ ಮೊನಚಿರಲಿಲ್ಲ.

"ಗೊತ್ತಿಲ್ಲ. ಬೇರಿಂಗ್ ಎಷ್ಟು ಸುಟ್ಟಿದೆ ಅಂತ ಬಿಚ್ಚದೆ ಹೇಳಕ್ಕಾಗಲ್ಲ. ಅಕುರೇರಿಯಿಂದ ಬೇರೆ ಗಾಡಿ ಬರೋಕೆ ನಾಲ್ಕು ಗಂಟೆ ಬೇಕು."

ಹೆರ್ದಿಸ್ ಹೊಳೆಯ ಕಡೆ ನೋಡಿದಳು. "ಅಷ್ಟು ಹೊತ್ತು ಆ ಕಾಲಿಗೆ ಇಲ್ಲ, ಸ್ಟೇನ್ವೋರ್."

"ಹಾಗಾದ್ರೆ ನಾನೂ ಬರ್ತೀನಿ" ಎಂದಳು ಅವಳು. ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಕೂರದೆ ನೆಲದ ಮೇಲೆ ಕುಳಿತು, ಟ್ರಾನ್ಸ್‌ಫರ್ ಇರುವ ಜಾಗದ ತಗಡಿನ ಮೇಲೆ ಅಂಗೈ ಒತ್ತಿದಳು.

ಗಾಡಿ ನೀರಿಗಿಳಿಯಿತು. ದೀಪಗಳು ಮುಳುಗಿದವು. ನೀರು ಬಾಗಿಲನ್ನು ಭುಜ ಕೊಟ್ಟು ನೂಕಿದ ಹಾಗೆ ನೂಕುತ್ತಿತ್ತು. ಅಂಗೈಯ ಕೆಳಗೆ ಸಣ್ಣ ನಡುಕ, ಒಂದೇ ಸಮನೆ. ಅದು ಪೆಟ್ಟಿಗೆಯದೋ ತನ್ನದೋ ಅವಳಿಗೆ ತಿಳಿಯಲಿಲ್ಲ. ನಡುನೀರಿನಲ್ಲಿ ಕೆಳಗಿನಿಂದ ಢಣ್ಣೆಂದು ಸದ್ದಾಯಿತು. ಸರಪಳಿ ಹೋಯಿತು ಎಂದುಕೊಂಡಳು. ಈಗ ಚಕ್ರ ನಿಲ್ಲುತ್ತದೆ. ಮೂವರನ್ನೂ ಯಾರು ತಂದು ಎಲ್ಲಿ ಮಲಗಿಸುತ್ತಾರೆ?

"ಕಲ್ಲು!" ಏವಿಂದುರ್ ಕೂಗಿದ. "ಕಲ್ಲು ಅದು, ಕಲ್ಲು!"

ಮುಂದಿನ ಚಕ್ರಗಳು ದಂಡೆ ಕಚ್ಚಿದವು.

ಗುಡಿಸಲಿನಲ್ಲಿ ಬೆರ್ಗುರ್ ಬಿಳಿಚಿಕೊಂಡು ಮಲಗಿದ್ದ. ಹೆಂಡತಿಯನ್ನು ನೋಡಿ ಕಣ್ಣು ಕಿರಿದು ಮಾಡಿದ. "ನಿನ್ನನ್ನೂ ಕರ್ಕೊಂಡು ಬಂದ್ರು ಅಂದ್ರೆ... ನಾನು ಹೊರಟೇಬಿಟ್ಟೆ ಅಂತಾನಾ?"

"ಬಾಯಿ ಮುಚ್ಚು" ಎಂದಳು, ಎಣ್ಣೆ ಕೈಯಲ್ಲೇ ಅವನ ಕೆನ್ನೆ ಹಿಡಿದು. ಉಳಿದ ಕುರಿಗಾಹಿಗಳು ಅವನನ್ನು ಹಲಗೆಯ ಮೇಲೆ ಎತ್ತಿ ಗಾಡಿಯೊಳಕ್ಕೆ ಇಟ್ಟರು. ಮರಳುವಾಗ ಹೊಳೆ ಇನ್ನೂ ಒಂದು ಗೇಣು ಏರಿತ್ತು. ಹೋಗುವಾಗ ಹೆದರಿದ್ದಕ್ಕಿಂತ ಬರುವಾಗ ಹೆಚ್ಚು ಹೆದರಿದಳು. ಒಂದು ಕೈ ತಗಡಿನ ಮೇಲೆ, ಇನ್ನೊಂದು ಅವನ ಎದೆಯ ಮೇಲೆ. ಈಚೆ ದಡ ಸೇರಿದ ಮೇಲೆ ಪೆಟ್ಟಿಗೆಯಿಂದ ಜೇನ್ನೊಣದಂಥ ಒಂದು ಗುಂಯ್‌ಗಾನ ಶುರುವಾಗಿ ಊರಿನವರೆಗೂ ಬಿಡಲಿಲ್ಲ. ಆದರೆ ಚಕ್ರ ನಿಲ್ಲಲಿಲ್ಲ. ಆಂಬುಲೆನ್ಸು ಅವನನ್ನು ಅಕುರೇರಿಗೆ ಒಯ್ದಿತು. ಕಾಲು ಉಳಿಯಿತು.

ಸೋಮವಾರ ಪೆಟ್ಟಿಗೆ ಬಿಚ್ಚಿದಾಗ ಮೇಲಿನ ಬೇರಿಂಗು ಸುಟ್ಟು ನೀಲಿಯಾಗಿತ್ತು. ಏವಿಂದುರ್ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ. "ನೀನು ಹೇಳ್ದೇ ಇದ್ದಿದ್ರೆ ಆ ಎಣ್ಣೇಲೇ ನಾನು ಹೊಳೆಗಿಳೀತಿದ್ದೆ" ಎಂದ, ಅಷ್ಟೆ.

ತಂಡದ ಸಭೆಯಲ್ಲಿ ಸ್ಟೇನ್ವೋರ್ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಮೂಗಿನ ವಿಷಯ, ಟೈರಿನ ಮೇಲೆ ಸುಮ್ಮನೆ ಕುಳಿತ ಆ ನಿಮಿಷಗಳ ವಿಷಯ ಕೂಡ. ಇಬ್ಬರು ರೈತರು ಅಂದಿನಿಂದ ತಮ್ಮ ಗಾಡಿಯನ್ನು ಅಕುರೇರಿಗೆ ಒಯ್ಯತೊಡಗಿದರು. ಅವಳು ಅವರನ್ನು ದೂರಲಿಲ್ಲ. ತಂಡ ಮಾತ್ರ ಅವಳನ್ನು ಬಿಡಲಿಲ್ಲ. ಎಣ್ಣೆ ತುಂಬುವಾಗ ಇನ್ನೊಬ್ಬರು ನಿಂತು ಡಬ್ಬಿಯ ಮೇಲಿನದನ್ನು ಗಟ್ಟಿಯಾಗಿ ಓದಬೇಕು ಎಂದು ತೀರ್ಮಾನವಾಯಿತು. ಆ ಕೆಲಸಕ್ಕೆ ಗ್ರೋವಾ ಬರುತ್ತಿದ್ದಳು, ಕ್ಲಾಸಿನಲ್ಲಿ ಪಾಠ ಓದುವ ದನಿಯಲ್ಲೇ ಓದುತ್ತಿದ್ದಳು.

ಬೆರ್ಗುರ್‌ಗೆ ಸಿಟ್ಟು ಬಂದದ್ದು ಎಣ್ಣೆಗಲ್ಲ. "ಎರಡು ವರ್ಷ ಪ್ರತಿ ಭಾನುವಾರ ನಾನು ಮಾಡಿದ ಸಾರು ಘಮಘಮ ಅಂತಿದೆ ಅಂದ್ಯಲ್ಲೇ! ಅಷ್ಟೂ ಸುಳ್ಳಾ?" ಪ್ಲಾಸ್ಟರು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಒಂದು ವಾರ ಮುನಿಸಿಕೊಂಡಿದ್ದ.

ಮಾರನೇ ಸೆಪ್ಟೆಂಬರಿನಲ್ಲಿ ಜೀಪು ಮತ್ತೆ ಬೆಟ್ಟ ಹತ್ತಿತು. ಯಾರಿಗೂ ಏನೂ ಆಗಿರಲಿಲ್ಲ, ಬರೀ ಕುದುರೆಗಳಿಗೆ ಹುಲ್ಲು, ಕುರಿಗಾಹಿಗಳಿಗೆ ಬ್ರೆಡ್ಡು ಸಾಗಿಸಲು. ಬಿಸಿಲಿತ್ತು, ಹೊಳೆ ಕಣಕಾಲಿನಷ್ಟಿತ್ತು. ಆದರೂ ಸ್ಟೇನ್ವೋರ್ ಕೆಲಸ ಬಿಟ್ಟು ರೇಡಿಯೋ ಕೇಂದ್ರಕ್ಕೆ ಹೋಗಿ ಗ್ರೋವಾಳ ಪಕ್ಕ ಕುಳಿತಳು. ಗ್ರೋವಾ ಕಾಫಿ ಕೊಟ್ಟಳು. ಅದು ಕೈಯಲ್ಲೇ ಆರಿತು.

"ದಾಟಿದೆ" ಎಂದಿತು ಏವಿಂದುರ್‌ನ ದನಿ. "ಆ ಮುದುಕಿ ಅಲ್ಲೇ ಕೂತಿದಾಳಾ?"

"ಕೂತಿದಾಳೆ" ಎಂದಳು ಗ್ರೋವಾ.

"ಮನೆಗೆ ಹೋಗು ಅನ್ನು."

ಅವಳು ಹೋಗಲಿಲ್ಲ. ಅವನು ಮರಳಿ ಈಚೆ ದಡಕ್ಕೆ ಬಂದೆ ಎಂದು ಹೇಳುವವರೆಗೂ ಕುಳಿತಿದ್ದು, ಆಮೇಲೆ ಎದ್ದು ಗ್ಯಾರೇಜಿಗೆ ನಡೆದಳು.